ಒಳಗೇ ಉಳಿದ ಅರ್ಧಕ್ಕೆ

ನಿನ್ನನ್ನು ತೆಗೆದು ಬಿಸಾಡಲಿಲ್ಲವಂತೆ.
ಡಾಕ್ಟರಮ್ಮ ಕಾಗದದ ಮೇಲೆ
ಹಿತುಕಿದ ಅವರೆಕಾಳಿನ ಹಾಗೆ ಒಂದು ಬರೆದು
ನಡುವೆ ಗೀಟು ಎಳೆದು ಹೇಳಿದರು:
"ಅಲ್ಲೇ ಇರುತ್ತೆ. ರಕ್ತ ಓಡುತ್ತೆ. ಬದುಕಿರುತ್ತೆ.
ಆ ಕಡೆಗೂ ಈ ಕಡೆಗೂ ಮಾತು ಮಾತ್ರ ಇರಲ್ಲ."
ನಮ್ಮ ಬೀದಿಯಲ್ಲಿ ಹಾಗೇ ಇದ್ದಾರೆ ಅಣ್ಣತಮ್ಮಂದಿರು,
ನಡುಮನೆಗೆ ಗೋಡೆ ಎಬ್ಬಿಸಿಕೊಂಡು,
ಒಂದೇ ಸೂರಿನಡಿ.

ನಾನು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವಳು.
ಖಲಂದರಣ್ಣನ ಯೂನಿಟ್ಟಿನಲ್ಲಿ ನಾಲ್ಕನೇ ಬಾಣಲೆ ನನ್ನದು.
ಕುದಿನೀರಲ್ಲಿ ತೇಲುವ ಗೂಡಿನ ತುದಿ ಹುಡುಕುವುದು,
ಹರಿದ ಎಳೆಗೆ ಎಳೆ ಕೂಡಿಸುವುದು,
ಹನ್ನೊಂದು ವರ್ಷದಿಂದ ಇದಕ್ಕೇ ಕೂಲಿ.
ಕತ್ತರಿಸಿ ಎಂದು ಸಹಿ ಹಾಕಿದ್ದು ಅದೊಂದೇ ಸಲ,
ಬೆಂದು ಸುಕ್ಕಾದ ಇದೇ ಬೆರಳುಗಳಿಂದ.

ನಿನ್ನ ಮೇಲೆ ಸಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ.
ದಿನಕ್ಕೆ ಮೂವತ್ತು, ಕೆಟ್ಟ ದಿನ ನಲವತ್ತು.
ಗೂಡಿನ ಮಾರ್ಕೆಟ್ಟಿನ ಚೀಟಿಗಳ ಬೆನ್ನಿಗೆ ಲೆಕ್ಕ ಇಟ್ಟೆ:
ನಾಲ್ಕು ನೆಟ್ಟಗೆ, ಐದನೆಯದು ಅಡ್ಡ.
ಮೊದಲು ಬಲಗೈ ಬೆರಳು, ಆಮೇಲೆ ತುಟಿಯ ಮೂಲೆ,
ಆಮೇಲೆ ಇಡೀ ಕೂಸು ನನ್ನ ತೊಡೆಯ ಮೇಲೆ
ಯಾರದೋ ಕೈಗೆ ಸಿಕ್ಕ ಜರಡಿ.
ಮೂರು ಬಣ್ಣದ ಮಾತ್ರೆ, ಗುಲಾಬಿ ಸಿರಪ್ಪು,
ಮುರುಗಮಲ್ಲದಿಂದ ತಂದ ದಾರ, ಚೌಡಮ್ಮನ ತಾಯತ,
ಹೋಗುವವರು ಬರುವವರು ಮೂಸಿಸಿದ
ಈರುಳ್ಳಿ, ಬೀಗದ ಕೈ, ಚಪ್ಪಲಿ.
ಯಾವುದಕ್ಕೂ ಜಗ್ಗಲಿಲ್ಲ ನೀನು.

ಬಾಣಲೆಗೆ ಬಿದ್ದಾಳೆಂದು
ಹಳೇ ಸೀರೆಯಲ್ಲಿ ಮೋನಿಷಳ ಸೊಂಟ ಬಿಗಿದು
ಕಿಟಕಿ ಸರಳಿಗೆ ಕಟ್ಟುತ್ತಿದ್ದೆ.
ಆರು ಮೊಳ. ಅಳೆದಿದ್ದೆ.
ಆ ಆರು ಮೊಳದೊಳಗೆ ಅವಳ ಐದನೇ ವರ್ಷ ಮುಗಿಯಿತು.

ಒಳಗೆ ಒಂಬತ್ತು ಗಂಟೆ.
ಊರಿಂದ ನಮ್ಮತ್ತೆ ಪಿಳ್ಳಮ್ಮ ಫೋನು ಮಾಡಿ
"ಯಾವ ಅರ್ಧದಲ್ಲಿ ನಾನಿದ್ದೀನಿ, ಕೇಳೇ" ಅಂದಳು.
ಕೇಳಲಿಲ್ಲ.
ಕೇಳಬೇಕು ಅಂತ ಈಗ ಅನ್ನಿಸುತ್ತೆ.

ಹತ್ತೊಂಬತ್ತು ದಿನ ಹುಡುಗಿ ಬಾಯಿ ಬಿಡಲಿಲ್ಲ.
ಅಮ್ಮ ಅನ್ನುತ್ತಾಳೆಂದು ಕಾದೆ, ಪೂರ್ತಿ ಕಿವಿಯಾಗಿ.
ಇಪ್ಪತ್ತನೇ ದಿನ "ಉಪ್ಪು" ಅಂದಳು.
ರುಚಿ ನೋಡಿದೆ. ನಿಜ, ಸಾರಿಗೆ ಉಪ್ಪೇ ಇರಲಿಲ್ಲ.
ನಕ್ಕೆ. ಎಷ್ಟು ನಕ್ಕೆನೆಂದರೆ
ಪಕ್ಕದ ಮಂಚದವರು ನರ್ಸನ್ನು ಕರೆದರು.

ಏಳು ತಿಂಗಳಾಯಿತು, ಚೀಟಿಗಳ ಬೆನ್ನು ಖಾಲಿ.
ಸೀರೆ ಬಿಚ್ಚಿ ಒಗೆದು ಹರವಿದೆ.
ಗಂಟು ಬಿದ್ದ ಜಾಗ ಮಾತ್ರ ಇಸ್ತ್ರಿಗೂ ಮಣಿಯಲಿಲ್ಲ.
ಅವಳ ಬಲಗಾಲು ನೆಲ ಗೀರುತ್ತದೆ,
ಹೆಬ್ಬೆರಳು ಮುಷ್ಟಿಯೊಳಗೇ ಅಡಗಿದೆ.
ಎಡಗೈಲಿ ಸ್ಲೇಟಿನ ಮೇಲೆ ಏನೋ ಗೀಚಿ
"ಇದು ಕೋಳಿ" ಅನ್ನುತ್ತಾಳೆ. ಕೋಳಿಯೇ.

ರಾತ್ರಿ ಈಗಲೂ ಎಚ್ಚರಾಗುತ್ತೆ ನನಗೆ.
ಸದ್ದಿಗಲ್ಲ, ಸದ್ದಿಲ್ಲದ್ದಕ್ಕೆ.
ಆಗ ನಿನ್ನ ನೆನಪು.
ಡಾಕ್ಟರಮ್ಮ ಹೇಳಿದ್ದರು, ನೀನು ಅಲ್ಲೇ
ಒಬ್ಬಳೇ ಇನ್ನೂ ಮಿಂಚುತ್ತಿರಬಹುದು ಅಂತ.
ಯಾವ ಕೈಗೂ ತಲುಪದ, ಯಾವ ತುಟಿಯನ್ನೂ ಎಳೆಯದ
ಮಿಂಚು.
ಬಲಗೈಗೆ ಮೊದಲ ಸಲ ಬಳೆ ಏರಿಸಿದ್ದು ನಿನ್ನಲ್ಲೇ ಉಳಿಯಿತಾ?
ಕಿಟಕಿ ಸರಳಿನ ತಣ್ಣಗೆ?
ಅದು ನಿನ್ನಲ್ಲೇ ಇರಲಿ, ಅವಳಿಗೆ ಬೇಡ.
ಎಡಗಿವಿಯ ಮೇಲೆ, ಕೂದಲು ಸೊಟ್ಟಗೆ ಬೆಳೆವ ಗಾಯದ ಮೇಲೆ
ಅಂಗೈ ಇಡುತ್ತೇನೆ.
ನೀನೂ ನನ್ನ ಹೊಟ್ಟೆಯಲ್ಲೇ ಬೆಳೆದವಳು.
ಮಲಗು.

ಬಲಗಡೆಯದು ಕಾಣುವುದಿಲ್ಲ ಅವಳಿಗೆ.
ತಟ್ಟೆಯ ಎಡಕ್ಕಿದ್ದ ಮುದ್ದೆ ಮುಗಿಸಿ
"ಆಯ್ತು, ಇನ್ನೂ ಹಸಿವು" ಅನ್ನುತ್ತಾಳೆ.
ಬಲಕ್ಕೆ ಸೊಪ್ಪಿನ ಪಲ್ಯ ಮುಟ್ಟದೆ ಹಾಗೇ.
ನಾನು ಸುಮ್ಮನೆ ತಟ್ಟೆ ತಿರುಗಿಸುತ್ತೇನೆ.
"ಎಲ್ಲಿಂದ ಬಂತಮ್ಮ ಇದು?"
ಇಲ್ಲೇ ಇತ್ತು, ತಿನ್ನು.